ಹಳೇ ಕಾರು ಆಯಿಲ್ ಕುಡಿಯುತ್ತಿದೆಯಾ? ಎಂಜಿನ್ ಬಿಚ್ಚುವ ಮೊದಲು ಹಂತ ಹಂತವಾಗಿ ಕಾರಣ ಹುಡುಕುವ ಬಗೆ

ಆಯಿಲ್ ಕಮ್ಮಿ ಆಗ್ತಿದೆ ಅಂದ ಕೂಡಲೇ ಕೇಳಿಬರುವ ಮೊದಲ ಮಾತು 'ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು'. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂರುವ ಬಳೆ. ಬಿಚ್ಚಿಸುತ್ತಾರೆ. ರಿಂಗ್ ಹಾಕಿಸುತ್ತಾರೆ. ಎರಡು ತಿಂಗಳು ಕಳೆದು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿದರೆ ಆಯಿಲ್ ಮತ್ತೆ ಕೆಳಗಿನ ಗೆರೆಗೆ ಬಂದಿರುತ್ತದೆ. ಬಹಳ ಸಲ ಇಲ್ಲಿ ತಪ್ಪಿರುವುದು ರಿಪೇರಿಯ ಕೆಲಸ ಅಲ್ಲ, ಹುಡುಕಿದ ಕ್ರಮ. ಸುಲಭವಾಗಿ ನೋಡಬಹುದಾದದ್ದನ್ನು ನೋಡದೆ ನೇರವಾಗಿ ಕಷ್ಟದ್ದಕ್ಕೆ ಕೈ ಹಾಕಿರುತ್ತಾರೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದರ ಉತ್ತರವನ್ನು ನಂಬೋಕಾಗಲ್ಲ. ಮೊದಲ ನಾಲ್ಕು ಹಂತಗಳಿಗೆ ಎಂಜಿನ್ ಒಳಗೆ ಕೈ ಹಾಕಬೇಕಾಗಿಯೇ ಇಲ್ಲ.

ಮೊದಲು ಇದನ್ನು ಓದಿ: ಗಾಡಿ ಓಡಿಸಬಾರದ ಲಕ್ಷಣಗಳು

ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮುಂದಿನ ತಿರುವಿನ ತನಕ ಹೋಗೋಣ ಅನ್ನಬೇಡಿ. ಆ ದೀಪ ತೋರಿಸುವುದು ಆಯಿಲ್ ಮಟ್ಟವನ್ನಲ್ಲ, ಆಯಿಲ್ ಒತ್ತಡವನ್ನು. ಆಯಿಲ್ ಕಮ್ಮಿಯಾಗಿ ಅದು ಹತ್ತುವಷ್ಟರಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಎಷ್ಟೋ ಕೆಳಗೆ ಹೋಗಿರುತ್ತದೆ, ಬೇರಿಂಗ್‌ಗಳು ಒಣಗುತ್ತಾ ಇರುತ್ತವೆ.

ಬಿಸಿ ಸೈಲೆನ್ಸರ್ ಪೈಪ್ ಮೇಲೆ ಆಯಿಲ್ ತೊಟ್ಟಿಕ್ಕಿ ಸುಟ್ಟ ವಾಸನೆ, ಹೊಗೆ ಬರುತ್ತಿದ್ದರೂ ನಿಲ್ಲಿಸಿ, ಬೆಂಕಿ ಹತ್ತಿಕೊಳ್ಳಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಹಾಗೆ ಕಂದಾಗಿ ಕಂಡು, ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಕೂಡ ಕಮ್ಮಿಯಾಗುತ್ತಿದ್ದರೆ ಕೂಲಂಟ್ ಆಯಿಲ್‌ಗೆ ಸೇರುತ್ತಿದೆ ಅಂತಲೇ ತಿಳಿಯಿರಿ. ಅಂಥ ಗಾಡಿಯನ್ನು ಎಳೆದುಕೊಂಡು ಹೋಗಬೇಕು, ಓಡಿಸಬಾರದು.

ಬೇಕಾಗುವ ಸಾಮಾನು

ಒಳ್ಳೆ ಟಾರ್ಚ್, ಒಂದು ಸಣ್ಣ ಕನ್ನಡಿ, ಹಳೇ ಕಾಟನ್ ಬಟ್ಟೆ, ದೊಡ್ಡ ರಟ್ಟು, ಆಲಿಕೆ, ಮಿಲಿಲೀಟರ್ ಗೆರೆ ಇರುವ ಡಬ್ಬಿ, ಒಂದು ನೋಟ್‌ಬುಕ್. ಮೊದಲ ನಾಲ್ಕು ಹಂತಕ್ಕೆ ಇಷ್ಟೇ ಸಾಕು. ಆಮೇಲೆ ಪ್ಲಗ್ ಸ್ಪ್ಯಾನರ್, ಕಂಪ್ರೆಶನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು), ಫೋನ್‌ಗೆ ಸಿಕ್ಕಿಸುವ ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ಬೇಕಾಗುತ್ತದೆ. ಕಾರಿನ ಕೆಳಗೆ ಹೋಗುವುದಾದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ.

ಹಂತ 1: ಎಷ್ಟು ಕುಡಿಯುತ್ತಿದೆ ಅಂತ ಅಳೆಯಿರಿ

ಹೆಚ್ಚಿನವರು ತಪ್ಪುವುದು ಇಲ್ಲೇ. 'ತುಂಬಾ ಕುಡಿಯುತ್ತೆ' ಅನ್ನುತ್ತಾರೆ, ಎಷ್ಟು ಕಿಲೋಮೀಟರ್‌ಗೆ ಎಷ್ಟು ಅಂದರೆ ಉತ್ತರ ಇರುವುದಿಲ್ಲ.

ಸಮತಟ್ಟಾದ ಒಂದೇ ಜಾಗ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ನೋಡಿ, ರಾತ್ರಿಯೆಲ್ಲಾ ಆಯಿಲ್ ಕೆಳಗಿಳಿದು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸೇರಿರುತ್ತದೆ. ಬಿಸಿ ಎಂಜಿನ್‌ನಲ್ಲೇ ನೋಡಬೇಕು ಅಂತ ನಿಮ್ಮ ಮ್ಯಾನ್ಯುಯಲ್ ಹೇಳಿದ್ದರೆ ಹಾಗೇ ಮಾಡಿ, ಆದರೆ ಪ್ರತಿ ಸಲ ಅದೇ ರೀತಿ ಮಾಡಿ. ಡಿಪ್‌ಸ್ಟಿಕ್ ಎಳೆಯಿರಿ, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಎರಡೂ ಬದಿ ನೋಡಿ. ಒಂದು ಬದಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಕೆಳಗಿನದ್ದೇ ಸರಿಯಾದ ಮಟ್ಟ, ಮೇಲಿನದು ಕೊಳವೆಯ ಗೋಡೆಗೆ ತಗುಲಿ ಬಳಿದುಕೊಂಡದ್ದು.

ಆಯಿಲ್ ಬದಲಿಸಿದ ದಿನವೇ ಅಳತೆ ಶುರು ಮಾಡುವುದಾದರೆ ಒಂದು ಎಚ್ಚರ. ಹೊಸ ಫಿಲ್ಟರ್ ಖಾಲಿ ಇರುತ್ತದೆ, ಎಂಜಿನ್ ಓಡಿದ ಮೇಲೆ ತನ್ನ ಪಾಲಿನ ಆಯಿಲ್ ಹೀರಿಕೊಳ್ಳುತ್ತದೆ. ಅದಕ್ಕೇ ಒಂದೆರಡು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ಗೆರೆಗೆ ಸರಿ ಮಾಡಿ. ಅಲ್ಲಿಂದ ಲೆಕ್ಕ. ಇದನ್ನು ಮಾಡದೆ ಮಾರನೇ ದಿನ ನೋಡಿ 'ಒಂದೇ ದಿನಕ್ಕೆ ಇಷ್ಟು ಇಳಿಯಿತು' ಅಂತ ಗಾಬರಿಯಾಗುವವರು ತುಂಬಾ ಜನ.

ತಾರೀಕು, ಓಡೋಮೀಟರ್, ಮಟ್ಟ, ಹಾಕಿದ ಆಯಿಲ್ ಎಷ್ಟು ಮಿಲಿ ಅಂತ ಬರೆದಿಡಿ. 1000 ಕಿ.ಮೀ. ಆದ ಮೇಲೆ ಅಳತೆ ಡಬ್ಬಿಯಿಂದ ಸ್ವಲ್ಪ ಸ್ವಲ್ಪ ಹಾಕಿ ಅದೇ ಗೆರೆಗೆ ತನ್ನಿ. ಹಾಕಿದ್ದೆಷ್ಟೋ ಅದೇ ನಿಮ್ಮ ಎಂಜಿನ್ ಕುಡಿದದ್ದು. ಒಂದು ಸಲದ ಲೆಕ್ಕ ಸಾಲದು, ಎರಡು ಸಲ ಮಾಡಿ. ಹೋಲಿಕೆಗೆ ಹೇಳುವುದಾದರೆ ಬಹಳಷ್ಟು ಕಾರುಗಳಲ್ಲಿ ಎರಡು ಗೆರೆಗಳ ನಡುವೆ ಸುಮಾರು 1 ಲೀಟರ್ ಹಿಡಿಯುತ್ತದೆ.

ಇನ್ನು, ಬಂದ ಲೆಕ್ಕವನ್ನು ಹೇಗೆ ನೋಡಬೇಕು? 5000 ಕಿ.ಮೀ.ಗೆ 1 ಲೀಟರ್ ಅಂದರೆ ಹಳೇ ಎಂಜಿನ್‌ಗೆ ದೊಡ್ಡ ವಿಷಯ ಅಲ್ಲ, ಹಾಕಿಕೊಂಡು ಓಡಿಸಬಹುದು. 1000 ಕಿ.ಮೀ.ಗೆ 1 ಲೀಟರ್ ಹತ್ತಿರ ಬಂದರೆ ಕಾರಣ ಹುಡುಕಲೇಬೇಕು. ಕೆಲವು ಕಂಪನಿಗಳು ಅಷ್ಟನ್ನೂ ಮಿತಿಯೊಳಗೆ ಇದೆ ಅನ್ನುತ್ತವೆ. ನನ್ನ ಪ್ರಕಾರ ಅದು ಒಳ್ಳೆ ಎಂಜಿನ್‌ನ ಗುರುತಲ್ಲ.

ಇಲ್ಲಿ ಇನ್ನೊಂದು ಮೋಸ ಇದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗಲ್ಲ, ಉರಿಯದ ಪೆಟ್ರೋಲ್ ಸ್ವಲ್ಪ ಸ್ವಲ್ಪ ಆಯಿಲ್ ಜೊತೆ ಸೇರುತ್ತಾ ಹೋಗುತ್ತದೆ. ಆಯಿಲ್ ಉರಿದು ಹೋದಷ್ಟೂ ಪೆಟ್ರೋಲ್ ಸೇರಿ ಮಟ್ಟ ಹಾಗೇ ಕಾಣುತ್ತದೆ, ಆಮೇಲೆ ಒಂದು ದಿನ ದೂರದ ಪ್ರಯಾಣ ಹೋಗಿಬಂದರೆ ಪೆಟ್ರೋಲ್ ಆವಿಯಾಗಿ ಮಟ್ಟ ಒಮ್ಮೆಲೇ ಇಳಿದಿರುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಇದೇ. ಆಯಿಲ್ ಬದಲಿಸಿ ಅಳತೆಯನ್ನು ಮತ್ತೆ ಶುರು ಮಾಡಿ. ಹೊಗೆ ಫಿಲ್ಟರ್ ಇರುವ ಡೀಸೆಲ್ ಕಾರುಗಳಲ್ಲೂ ಹೀಗೆ ಡೀಸೆಲ್ ಸೇರಿ ಮಟ್ಟ ಏರುವುದುಂಟು. ಆಯಿಲ್ ಜಾಸ್ತಿ ಆಗ್ತಿದೆ ಅಂದರೆ ಅದು ಖುಷಿಪಡುವ ವಿಷಯ ಅಲ್ಲ.

ಹಂತ 2: ಹೊರಗೆ ಸೋರುತ್ತಿದೆಯಾ ನೋಡಿ

ಎಂಜಿನ್ ತಣ್ಣಗಿರುವಾಗ ಆಯಿಲ್ ಜಿಡ್ಡನ್ನೆಲ್ಲ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ. ವೈರಿಂಗ್ ಜೋಡಣೆಗಳ ಮೇಲೆ ಜೋರಾಗಿ ನೀರು ಹೊಡೆಯಬೇಡಿ. ತೊಳೆಯದೆ ಹುಡುಕಿದರೆ ಹತ್ತು ವರ್ಷದ ಜಿಡ್ಡಿನಲ್ಲಿ ಹೊಸ ಸೋರಿಕೆ ಯಾವುದು ಅಂತ ಗೊತ್ತಾಗಲ್ಲ. ಆಮೇಲೆ 20-30 ಕಿ.ಮೀ. ಓಡಿಸಿ ಟಾರ್ಚ್ ಹಿಡಿದು ನೋಡಿ.

ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಅದಕ್ಕೆ ತೊಟ್ಟಿಕ್ಕುವ ಜಾಗ ಅಲ್ಲ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ಹುಡುಕಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಆಯಿಲ್ ಕಂಡು 'ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ' ಅಂತ ಗೇರ್‌ಬಾಕ್ಸ್ ಇಳಿಸುತ್ತಾರೆ (ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ). ನಿಜವಾಗಿ ಸೋರುತ್ತಿದ್ದದ್ದು ಎಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಗ್ಯಾಸ್ಕೆಟ್ (ಸೋರದ ಹಾಗೆ ನಡುವೆ ಕೂರಿಸುವ ಪಟ್ಟಿ), ಅದರ ಹಿಂದಿನ ಮೂಲೆ. ಕನ್ನಡಿ ಇಟ್ಟು ನೋಡಬೇಕಾದದ್ದು ಆ ಮೂಲೆಯನ್ನೇ.

ಉಳಿದಂತೆ ನೋಡಬೇಕಾದ ಜಾಗಗಳು: ಆಯಿಲ್ ಫಿಲ್ಟರ್ ಕೂರುವ ಜಾಗ, ಡ್ರೇನ್ ಬೋಲ್ಟ್‌ನ ವಾಷರ್, ಆಯಿಲ್ ಪ್ರೆಶರ್ ಸ್ವಿಚ್, ಚೇಂಬರ್ ಗ್ಯಾಸ್ಕೆಟ್, ಮುಂದಿನ ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್. ಪ್ರೆಶರ್ ಸ್ವಿಚ್ ಬಹಳ ಜನರ ಕಣ್ಣಿಗೆ ಬೀಳಲ್ಲ. ಅದು ಒತ್ತಡ ಇರುವ ಕಡೆ ಕೂತಿರುವುದರಿಂದ ಎಂಜಿನ್ ಓಡುವಾಗ ಮಾತ್ರ ಸೋರುತ್ತದೆ, ನಿಂತಾಗ ಒಣಗಿದ ಹಾಗೇ ಕಾಣುತ್ತದೆ.

ರಾತ್ರಿ ಕೆಳಗೆ ರಟ್ಟು ಹಾಸಿ. ಬಿದ್ದದ್ದು ಕೆಂಪಾಗಿದ್ದರೆ ಅದು ಪವರ್ ಸ್ಟೀರಿಂಗ್‌ದೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ದೋ ಇರಬಹುದು, ಎಂಜಿನ್ ಆಯಿಲ್ ಅಲ್ಲ. ಎಷ್ಟು ಬಿದ್ದಿದೆ ಅನ್ನುವುದನ್ನೂ ನೋಡಿ. ಒಂದು ಹನಿ ಸುಮಾರು 0.05 ಮಿಲಿ ಅಂತ ಇಟ್ಟುಕೊಂಡರೆ 1 ಲೀಟರ್‌ಗೆ 20,000 ಹನಿ ಬೇಕು. ದಿನಕ್ಕೆ ನಾಲ್ಕು ಹನಿ ಬೀಳುವ ಕಾರು ತಿಂಗಳಿಗೆ ಒಂದು ಲೀಟರ್ ಕಮ್ಮಿ ಮಾಡುತ್ತಿದ್ದರೆ ಆ ಹನಿಗಳೇ ಕಾರಣ ಅಂತ ಕೂರಬೇಡಿ. ಓಡುವಾಗ ಜೋರಾಗಿ ಸೋರುತ್ತಿರಬೇಕು, ಆಗ ಕಾರಿನ ತಳವೆಲ್ಲಾ ಒದ್ದೆಯಾಗಿರುತ್ತದೆ. ತಳ ಒಣಗಿದ್ದರೆ ಎಂಜಿನ್ ಆಯಿಲನ್ನು ಸುಡುತ್ತಿದೆ.

ಹಂತ 3: ಎಂಜಿನ್ ಉಸಿರಾಡುವ ದಾರಿ ಪರೀಕ್ಷಿಸಿ

ಪಿಸಿವಿ ವಾಲ್ವ್ ಅನ್ನುವ ಈ ಸಣ್ಣ ಭಾಗವನ್ನು ನೋಡದೆ ಎಂಜಿನ್ ಬಿಚ್ಚಿದ ಗಾಡಿಗಳಿಗೆ ಲೆಕ್ಕ ಇಲ್ಲ. ರಿಂಗ್ ದಾಟಿ ಕೆಳಗೆ ಬರುವ ಗ್ಯಾಸನ್ನು ಇದು ಮತ್ತೆ ಇನ್‌ಟೇಕ್‌ಗೆ ಕಳಿಸುತ್ತದೆ. ತೆರೆದೇ ಕಚ್ಚಿಕೊಂಡರೆ ಗ್ಯಾಸ್ ಜೊತೆ ಆಯಿಲನ್ನೂ ಎಳೆಯುತ್ತದೆ. ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸೀಲ್‌ಗಳಿಂದ ಆಯಿಲ್ ಹೊರಗೆ ನೂಕುತ್ತದೆ. ಹೊಸ ಸೀಲ್ ಹಾಕಿದರೂ ಮತ್ತೆ ಸೋರುವುದು ಹೀಗೇ. ಆದ್ದರಿಂದ ಹಂತ 2ರಲ್ಲಿ ಸೋರಿಕೆ ಸಿಕ್ಕಿದ್ದರೂ ಈ ಹಂತ ಬಿಡಬೇಡಿ.

ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಓಡುತ್ತಿರಲಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ತೆಳು ಕಾಗದ ಇಡಿ. ಬಿಸಿ ಆಯಿಲ್ ಎರಚಬಹುದು, ಮುಖ ದೂರ ಇರಲಿ, ಅಂಗಿ ತೋಳು ಬೆಲ್ಟ್ ಹತ್ತಿರ ಹೋಗದಿರಲಿ. ಸರಿ ಇದ್ದರೆ ಕಾಗದ ಮೆಲ್ಲಗೆ ಒಳಕ್ಕೆ ಎಳೆದುಕೊಂಡು ಕೂರುತ್ತದೆ. ಕಾಗದ ಹಾರಿ ಹೋದರೆ, ಒಳಗಿನಿಂದ ಪುಸು ಪುಸು ಗಾಳಿ ಬಂದರೆ, ದಾರಿ ಕಟ್ಟಿದೆ ಅಥವಾ ರಿಂಗ್‌ಗಳಿಂದ ಗ್ಯಾಸ್ ಜಾಸ್ತಿ ಇಳಿಯುತ್ತಿದೆ. ಮುಚ್ಚಳ ತೆಗೆಯೋಕೇ ಕಷ್ಟ ಆಗುವಷ್ಟು ಎಳೆತ ಇದ್ದು, ಎಲ್ಲೋ ಶಿಳ್ಳೆ ಹಾಕಿದ ಶಬ್ದ ಬಂದರೆ ಒಳಗಿನ ರಬ್ಬರ್ ಪೊರೆ ಹರಿದಿದೆ. ಹೊಸ ಮಾದರಿಯ ಕಾರುಗಳಲ್ಲಿ ಈ ಪೊರೆ ಟ್ಯಾಪೆಟ್ ಕವರ್ ಒಳಗೇ ಇರುತ್ತದೆ.

ಬಿಡಿ ವಾಲ್ವ್ ಇದ್ದರೆ ತೆಗೆದು ಅಲ್ಲಾಡಿಸಿ, ಗಲಗಲ ಅನ್ನಬೇಕು. ಅನ್ನದಿದ್ದರೆ ಬದಲಿಸಿ. ಗಲಗಲ ಅಂದರೂ ಹಳೆಯದಾಗಿದ್ದರೆ ಬದಲಿಸಿಬಿಡಿ, ಇಡೀ ಪಟ್ಟಿಯಲ್ಲಿ ಇದಕ್ಕಿಂತ ಸಣ್ಣ ಕೆಲಸ ಇಲ್ಲ. ಪೈಪ್‌ಗಳನ್ನೂ ಬಗ್ಗಿಸಿ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಇನ್‌ಟೇಕ್ ಪೈಪ್ ಒಳಗೆ ಬೆರಳಾಡಿಸಿದಾಗ ತೆಳುವಾಗಿ ಜಿಡ್ಡು ಅಂಟಿದರೆ ಸಹಜ, ಆಯಿಲ್ ನಿಂತಿದ್ದರೆ ಸಹಜ ಅಲ್ಲ.

ಪಿಸಿವಿ ಬದಲಿಸಿದರೆ ಅಲ್ಲೇ ನಿಲ್ಲಿ. ಮತ್ತೆ 1000 ಕಿ.ಮೀ. ಅಳೆಯಿರಿ. ಎರಡು ರಿಪೇರಿ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗಲ್ಲ.

ಹಂತ 4: ಹೊಗೆ ಯಾವಾಗ ಬರುತ್ತದೆ ಅಂತ ನೋಡಿ

ಇದಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಹಿಂದಿನ ಗಾಡಿಯಿಂದ ನೋಡಬೇಕು. ಹುಡುಕುವುದು ನೀಲಿ ಹೊಗೆ. ಕಪ್ಪು ಹೊಗೆ ಇಂಧನ ಜಾಸ್ತಿಯಾದದ್ದು. ಬೆಳಗಿನ ತಂಪಿನಲ್ಲಿ ಬಂದು ಕರಗಿಹೋಗುವ ಬಿಳಿ ಬರೀ ನೀರಾವಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಕೂಲಂಟ್‌ದು.

ರಾತ್ರಿಯೆಲ್ಲಾ ನಿಂತ ಕಾರನ್ನು ಸ್ಟಾರ್ಟ್ ಮಾಡಿದಾಗ ಒಂದು ಗುಕ್ಕು ನೀಲಿ ಹೊಗೆ ಬಂದು ಆಮೇಲೆ ನಿಂತರೆ ಮೊದಲ ಅನುಮಾನ ವಾಲ್ವ್ ಸೀಲ್ (ಸಿಲಿಂಡರ್‌ನ ವಾಲ್ವ್ ಕಡ್ಡಿಯ ಸುತ್ತ ಆಯಿಲ್ ಒಳಗಿಳಿಯದ ಹಾಗೆ ತಡೆಯುವ ರಬ್ಬರ್) ಮೇಲೆ. ಉದ್ದ ಇಳಿಜಾರಿನಲ್ಲಿ ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ತುಳಿದಾಗ ಗುಪ್ಪಂತ ಬಂದರೂ ಹಾಗೇ. ಜೋರಾಗಿ ಏರು ಹತ್ತುವಾಗ ಒಂದೇ ಸಮ ಬರುತ್ತಿದ್ದರೆ ರಿಂಗ್ ಕಡೆ ನೋಡಿ.

ಆದರೆ ಹೊಗೆ ನೋಡಿಯೇ ತೀರ್ಮಾನ ಮಾಡಬೇಡಿ. ಇಳಿಜಾರಿನ ಹೊಗೆ ಕಚ್ಚಿಕೊಂಡ ಆಯಿಲ್ ರಿಂಗ್‌ನಿಂದಲೂ (ಸಿಲಿಂಡರ್ ಗೋಡೆಯ ಆಯಿಲ್ ಬಳಿಯುವ ರಿಂಗ್) ಬರಬಹುದು. ಇನ್ನು, ಹೊಗೆಯೇ ಬರದಿದ್ದರೆ ಆಯಿಲ್ ಉರಿಯುತ್ತಿಲ್ಲ ಅಂತ ಅರ್ಥ ಅಲ್ಲ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಸುಟ್ಟು ಮುಚ್ಚಿಹಾಕುತ್ತದೆ, ಹಾಗೆ ಸುಡುತ್ತಾ ತಾನೂ ಹಾಳಾಗುತ್ತದೆ.

ಹಂತ 5: ಸ್ಪಾರ್ಕ್ ಪ್ಲಗ್ ತೆಗೆದು ಓದಿ

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಯಾವ ಸಿಲಿಂಡರ್‌ದು ಯಾವುದು ಅಂತ ಗುರುತು ಮಾಡಿ ಸಾಲಾಗಿ ಇಡಿ. ಆಯಿಲ್ ಎಲ್ಲಿ ತಗುಲಿದೆ ಅನ್ನುವುದೇ ಮುಖ್ಯ. ಮೇಲಿನ ಬಿಳಿ ಪಿಂಗಾಣಿ, ತಿರುಪಿನ ಮರೆಯ ಮೇಲ್ಭಾಗ ಮಾತ್ರ ಒದ್ದೆಯಾಗಿ ತುದಿ ಒಣಗಿದ್ದರೆ ಆಯಿಲ್ ಬಂದದ್ದು ಮೇಲಿನಿಂದ, ಪ್ಲಗ್ ಗುಂಡಿಯ ರಬ್ಬರ್ ಸೀಲ್ ದಾಟಿ. ಅದು ಟ್ಯಾಪೆಟ್ ಕವರ್‌ನ ಕೆಲಸ, ರಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಕಿಡಿ ಹಾರುವ ತುದಿಯೇ ಕಪ್ಪಾಗಿ ಒದ್ದೆಯಾಗಿದ್ದರೆ, ಅಥವಾ ಬೂದಿ ಗಟ್ಟಿಯಾಗಿ ಹಕ್ಕಳೆ ಕಟ್ಟಿದ್ದರೆ ಸಿಲಿಂಡರ್ ಒಳಗೆ ಆಯಿಲ್ ಉರಿಯುತ್ತಿದೆ.

ಒಂದೇ ಪ್ಲಗ್ ಹೀಗಿದ್ದರೆ ಆ ಸಿಲಿಂಡರ್‌ನ ತೊಂದರೆ. ನಾಲ್ಕೂ ಒಂದೇ ಥರ ಇದ್ದರೆ ಪಿಸಿವಿಯನ್ನು ಮತ್ತೊಮ್ಮೆ ನೋಡಿ, ಅದಾದ ಮೇಲೆ ಮುಂದಕ್ಕೆ ಹೋಗಿ.

ಹಂತ 6: ಕಂಪ್ರೆಶನ್ ಅಳೆಯಿರಿ, ಆದರೆ ಅದರ ಮಿತಿ ತಿಳಿದಿರಿ

ಎಂಜಿನ್ ಬೆಚ್ಚಗಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಎಲ್ಲಾ ಪ್ಲಗ್ ತೆಗೆಯಿರಿ. ಇಂಧನ ಪಂಪ್ ಮತ್ತು ಇಗ್ನಿಷನ್ ಎರಡನ್ನೂ ಕಡಿತ ಮಾಡಿ, ಇದನ್ನು ಮರೆತರೆ ತೆರೆದ ಗುಂಡಿಯಿಂದ ಪೆಟ್ರೋಲ್ ಆವಿ ಬಂದು ಕಿಡಿ ತಗುಲಬಹುದು. ಆಕ್ಸಿಲರೇಟರ್ ಪೂರ್ತಿ ತುಳಿದು ಪ್ರತಿ ಸಿಲಿಂಡರ್‌ಗೂ ಅಷ್ಟೇ ಸುತ್ತು ಕ್ರ್ಯಾಂಕ್ ಮಾಡಿ, ಐದಾರು ಸುತ್ತು ಸಾಕು. ಸಾಮಾನ್ಯವಾಗಿ ಒಳ್ಳೆ ಪೆಟ್ರೋಲ್ ಎಂಜಿನ್‌ನಲ್ಲಿ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಬರುತ್ತದೆ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 10-15 ಶೇಕಡಾ ದಾಟಬಾರದು. ಡೀಸೆಲ್‌ನಲ್ಲಿ ಒತ್ತಡ ಇದಕ್ಕಿಂತ ತುಂಬಾ ಜಾಸ್ತಿ, ಗೇಜೇ ಬೇರೆ. ಅದನ್ನು ಮಾಡಿ ಅನುಭವ ಇರುವವರಿಗೆ ಬಿಡಿ.

ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಚೆನ್ನಾಗಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ). ಲೀಕ್‌ಡೌನ್ ಟೆಸ್ಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿಂದ ಸುಯ್ಯ್ ಅನ್ನುತ್ತದೆ ಕೇಳಿ: ಆಯಿಲ್ ಮುಚ್ಚಳದಿಂದ ಬಂದರೆ ರಿಂಗ್, ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಗಾಳಿ ತುಂಬಿದಾಗ ಎಂಜಿನ್ ತಟ್ಟನೆ ತಿರುಗಬಹುದು, ಬೆಲ್ಟ್ ಹತ್ತಿರ ಕೈ ಇಡಬೇಡಿ.

ಈಗ ಮುಖ್ಯವಾದ ಮಾತು. 'ಕಂಪ್ರೆಶನ್ ಚೆನ್ನಾಗಿದೆ, ಹಾಗಾಗಿ ರಿಂಗ್ ಚೆನ್ನಾಗಿದೆ' ಅನ್ನುವುದು ತಪ್ಪು. ಪಿಸ್ಟನ್‌ಗೆ ಮೂರು ರಿಂಗ್. ಒತ್ತಡ ಹಿಡಿಯುವುದು ಮೇಲಿನ ಎರಡು. ಗೋಡೆಯ ಆಯಿಲ್ ಬಳಿದು ಕೆಳಗೆ ಕಳಿಸುವುದು ಕೊನೆಯದು. ಆ ಕೊನೆಯ ರಿಂಗ್ ಮಸಿ ಹಿಡಿದು ಕಚ್ಚಿಕೊಂಡರೂ ಗೇಜ್ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತದೆ.

ಹಂತ 7: ಕ್ಯಾಮೆರಾ ಇಳಿಸಿ ಒಳಗೆ ನೋಡಿ

ಇದನ್ನು ನಾನು ಕಲಿತದ್ದು ನನ್ನದೇ ಹಳೇ ಕಾರಿನಲ್ಲಿ. ನಾಲ್ಕೂ ಸಿಲಿಂಡರ್‌ನಲ್ಲಿ ಕಂಪ್ರೆಶನ್ ಸಮ ಇತ್ತು. ಹೊಗೆ ಇಳಿಜಾರಿನಲ್ಲಿ ಮಾತ್ರ. ವಾಲ್ವ್ ಸೀಲ್ ಅಂತ ನಂಬಿ ಅದನ್ನು ಬದಲಿಸಿದ್ದಾಯಿತು. ಆಯಿಲ್ ಇಳಿಯುವುದು ಒಂದು ಚೂರೂ ಕಮ್ಮಿ ಆಗಲಿಲ್ಲ. ಆಮೇಲೆ ಪ್ಲಗ್ ಗುಂಡಿಯಿಂದ ಕ್ಯಾಮೆರಾ ಇಳಿಸಿದೆ. ಪಿಸ್ಟನ್ ತಲೆಯ ನಡುವೆ ಕಪ್ಪು ಮಸಿ, ಅಂಚಿನಲ್ಲಿ ಮಾತ್ರ ಚಂದ್ರನ ಗೆರೆಯ ಹಾಗೆ ತೊಳೆದ ಅಲ್ಯೂಮಿನಿಯಂ ಹೊಳೆಯುತ್ತಿತ್ತು. ಪಕ್ಕದಿಂದ ಏರಿ ಬಂದ ಆಯಿಲ್ ಆ ಅಂಚನ್ನು ದಿನಾ ತೊಳೆಯುತ್ತಿತ್ತು. ಆಯಿಲ್ ರಿಂಗ್ ಕಚ್ಚಿಕೊಂಡಿದೆ ಅಂತ ಅಷ್ಟರಲ್ಲೇ ಗೊತ್ತಾಯಿತು. ಕ್ಯಾಮೆರಾ ಮೊದಲೇ ಇಳಿಸಿದ್ದರೆ ಹೆಡ್ ತನಕ ಹೋಗಬೇಕಾಗಿರಲಿಲ್ಲ.

ನೀವೂ ಮೊದಲು ಆ ಅಂಚನ್ನೇ ನೋಡಿ. ಆಮೇಲೆ ಸಿಲಿಂಡರ್ ಗೋಡೆ. ಅಡ್ಡಡ್ಡ ಗೀರಿದ ಸಣ್ಣ ಜಾಲ ಕಂಡರೆ ಒಳ್ಳೆಯದು. ಉದ್ದಕ್ಕೆ ಆಳವಾದ ಗೀರು ಇದ್ದರೆ ಬೋರ್, ಅಂದರೆ ಸಿಲಿಂಡರ್ ಒಳಗೋಡೆ, ಹಾಳಾಗಿದೆ. ಕ್ಯಾಮೆರಾ ತುದಿ ಮೇಲಕ್ಕೆ ತಿರುಗಿಸಿ ವಾಲ್ವ್ ನೋಡಿ. ಪಿಸ್ಟನ್ ಅಂಚು ಒಣಗಿದ್ದು ವಾಲ್ವ್ ಮಾತ್ರ ಒದ್ದೆಯಾಗಿದ್ದರೆ ಸೀಲ್ ಮೇಲಿನ ಅನುಮಾನ ನಿಜ.

ಟರ್ಬೊ ಇದ್ದರೆ

ಪ್ಲಗ್ ತೆಗೆಯುವ ಮೊದಲೇ ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಿ, ಎಂಜಿನ್ ತಣ್ಣಗಿರುವಾಗ ಚಕ್ರವನ್ನು ಬೆರಳಿನಲ್ಲಿ ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಸಹಜ. ಹಿಂದೆ ಮುಂದೆ ಆಡಿದರೆ, ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಟರ್ಬೊ ಹೋಗಿದೆ. ಬದಲಿಸುವ ಮೊದಲು ಅದರಿಂದ ಆಯಿಲ್ ವಾಪಸ್ ಬರುವ ಪೈಪ್ ಕಟ್ಟಿದೆಯಾ ನೋಡಿ, ಇಲ್ಲದಿದ್ದರೆ ಹೊಸದೂ ಆಯಿಲ್ ಬಿಡುತ್ತದೆ. ಡೀಸೆಲ್ ಗಾಡಿಯಲ್ಲಿ ಇದನ್ನು ನಾಳೆಗೆ ತಳ್ಳಬೇಡಿ. ಟರ್ಬೊ ಬಿಡುವ ಆಯಿಲನ್ನೇ ಇಂಧನ ಮಾಡಿಕೊಂಡು ಎಂಜಿನ್ ಕೀ ತಿರುಗಿಸಿದರೂ ನಿಲ್ಲದೆ ಓಡಿ ಒಡೆದುಹೋಗಬಹುದು.

ಉತ್ತರ ಸಿಕ್ಕಿದ ಮೇಲೆ

ವಾಲ್ವ್ ಸೀಲ್ ಆದರೆ ಬಹಳಷ್ಟು ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಬದಲಿಸಬಹುದು, ಸಿಲಿಂಡರ್‌ಗೆ ಗಾಳಿ ತುಂಬಿ ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು ಮಾಡುತ್ತಾರೆ. ಹೆಡ್ ತೆಗೆಯಲೇಬೇಕು ಅಂದರೆ ಯಾಕೆ ಅಂತ ಕೇಳಿ.

ಆಯಿಲ್ ರಿಂಗ್ ಕಚ್ಚಿದ್ದರೆ ಬಿಚ್ಚುವ ಮೊದಲು ನೆನೆಹಾಕಿ ನೋಡಿ. ಅದಕ್ಕೆಂದೇ ಬರುವ ದ್ರಾವಣವನ್ನು ಪ್ಲಗ್ ಗುಂಡಿಯಿಂದ ಹಾಕಿ ರಾತ್ರಿ ಬಿಡುವುದು. ಬೆಳಿಗ್ಗೆ ಪ್ಲಗ್ ಹಾಕುವ ಮೊದಲು, ಇಂಧನ ಮತ್ತು ಇಗ್ನಿಷನ್ ಕಡಿತ ಮಾಡಿ, ಗುಂಡಿಗಳ ಮೇಲೆ ಬಟ್ಟೆ ಹಾಕಿ ಕ್ರ್ಯಾಂಕ್ ಮಾಡಿ, ಉಳಿದ ದ್ರವ ಪೂರ್ತಿ ಹೊರಗೆ ಬರಲಿ. ದ್ರವ ಉಳಿದಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ ರಾಡ್ ಬಗ್ಗಬಹುದು. ಸ್ಟಾರ್ಟ್ ಮಾಡುವ ಮುಂಚೆ ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿ. ಎಲ್ಲಾ ಎಂಜಿನ್‌ಗೂ ಇದು ಕೆಲಸ ಮಾಡಲ್ಲ, ಆದರೂ ರಿಂಗ್ ಬದಲಿಸುವ ಮೊದಲು ಮಾಡಿ ನೋಡುವುದು ಒಳ್ಳೆಯದು. ಬೋರ್‌ನಲ್ಲೇ ಆಳದ ಗೀರು ಇದ್ದರೆ ಮಾತ್ರ ಬಿಚ್ಚದೆ ದಾರಿ ಇಲ್ಲ.

ಮತ್ತೆ ಮತ್ತೆ ಆಗುವ ತಪ್ಪುಗಳು

ಮೇಲಿನ ಗೆರೆ ದಾಟಿ ಆಯಿಲ್ ತುಂಬುವುದು. 'ಹೇಗೂ ಕುಡಿಯುತ್ತಲ್ವಾ, ಸ್ವಲ್ಪ ಜಾಸ್ತಿ ಇರಲಿ' ಅಂತ ಹಾಕುತ್ತಾರೆ. ಕ್ರ್ಯಾಂಕ್ ಅದಕ್ಕೆ ತಾಗಿ ನೊರೆ ಏಳುತ್ತದೆ, ಆ ನೊರೆಯನ್ನು ಪಿಸಿವಿ ಎಳೆದುಕೊಳ್ಳುತ್ತದೆ, ಕುಡಿಯುವುದು ಇನ್ನೂ ಜಾಸ್ತಿ ಆಗುತ್ತದೆ.

ತೆಳು 5ಡಬ್ಲ್ಯೂ-30 ಗ್ರೇಡ್ ಆಯಿಲ್ ಹೇಳಿದ ಎಂಜಿನ್‌ಗೆ ಸುಮ್ನೆ ದಪ್ಪದ 20ಡಬ್ಲ್ಯೂ-50 ಸುರಿಯುವುದು. ಹೊಗೆ ಕೆಲವು ದಿನ ಕಮ್ಮಿಯಾದ ಹಾಗೆ ಕಾಣಬಹುದು, ಕಾರಣ ಹಾಗೇ ಉಳಿಯುತ್ತದೆ, ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಕ್ಕೆ ತಲುಪುವುದು ತಡವಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅವುಗಳಲ್ಲಿ ದಪ್ಪದ್ದನ್ನು ಹಾಕಿ ನೋಡಬಹುದು, ಅದಕ್ಕಿಂತ ಆಚೆ ಹೋಗಬೇಡಿ.

ಮುಚ್ಚಳದ ಕೆಳಗೆ ಬಿಳಿ ಕೆನೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಅನ್ನುವುದು ಇನ್ನೊಂದು. ಚಳಿಯಲ್ಲಿ ಹತ್ತಿರ ಹತ್ತಿರ ಓಡುವ ಕಾರಿನಲ್ಲಿ ನೀರಾವಿಯಿಂದಲೂ ಅದು ಕಟ್ಟುತ್ತದೆ. ಕೂಲಂಟ್ ಮಟ್ಟ ಇಳಿಯದೆ, ಡಿಪ್‌ಸ್ಟಿಕ್ ಆಯಿಲ್ ಶುದ್ಧವಾಗಿದ್ದರೆ ಒರೆಸಿ, ಒಮ್ಮೆ ದೂರ ಓಡಿಸಿ ಬಂದು ಮತ್ತೆ ನೋಡಿ.

ರಿಪೇರಿ ಯಾವುದೇ ಆಗಲಿ, ಆದ ದಿನದಿಂದ ನೋಟ್‌ಬುಕ್‌ನಲ್ಲಿ ಹೊಸ ಪುಟ ಶುರು ಮಾಡಿ. ಹೊಸ ರಿಂಗ್ ಹಾಕಿದ್ದರೆ ಅವು ಗೋಡೆಗೆ ಕೂರುವ ತನಕ ಸ್ವಲ್ಪ ಆಯಿಲ್ ಹೋಗುವುದು ಸಹಜ, ಹಾಗಾಗಿ ಮೊದಲ 1000 ಕಿ.ಮೀ. ಬಿಟ್ಟು ಅದರ ಮುಂದಿನ 1000ದ ಲೆಕ್ಕ ಹಿಡಿಯಿರಿ. ಅಲ್ಲಿಯ ತನಕ ವಾರಕ್ಕೊಮ್ಮೆ ಬೆಳಿಗ್ಗೆ, ಅದೇ ಜಾಗದಲ್ಲಿ, ಡಿಪ್‌ಸ್ಟಿಕ್ ಎಳೆದು ನೋಡುವುದನ್ನು ಬಿಡಬೇಡಿ.